ಹುಷಾರಾಗಿ ಹೋಗಿ ಬಾ

ಮನೆಯಿಂದ ಯಾರು ಹೊರಟರೂ ಬಾಗಿಲ ತನಕ ಬಂದು 'ಹುಷಾರಾಗಿ ಹೋಗಿ ಬಾ' ಎನ್ನುವುದು ನಮ್ಮ ಹೆಂಗಸರ ಅಭ್ಯಾಸ. ನಮ್ಮಜ್ಜಿ ಹೇಳುತ್ತಿದ್ದಳು, ಅಮ್ಮ ಹೇಳುತ್ತಿದ್ದಳು, ಮದುವೆಯಾದ ಮೇಲೆ ಅತ್ತೆಯವರೂ ಹೇಳುತ್ತಿದ್ದರು. ಅಜ್ಜಿಯ ಕಾಲದಲ್ಲಿ ಆ ಮಾತಿನ ಹಿಂದೆ ಹಾವು, ಹಳ್ಳ, ಕತ್ತಲೆಗಳ ಭಯವಿತ್ತು. ಈಗ ಬಿಟಿಎಂ ಲೇಔಟಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು ನಾನು ಅದೇ ಮಾತು ಹೇಳುವಾಗ ಕಣ್ಣ ಮುಂದೆ ಬರುವುದು ಎರಡು ಬೀದಿ ಆಚೆಯ ರಸ್ತೆ. ಕೊತ್ತಂಬರಿ ಸೊಪ್ಪು ತರಲು ಹೋಗುವವರಿಗೂ ಕಾಶಿಗೆ ಹೊರಟವರಿಗೆ ಹೇಳುವಷ್ಟು ಕಾಳಜಿಯಿಂದ ಹೇಳಬೇಕಾಗಿದೆ.

ನಾನು ಈ ಬಡಾವಣೆಗೆ ಸೊಸೆಯಾಗಿ ಬಂದದ್ದು 1993ರಲ್ಲಿ. ನಮ್ಮ ಬೀದಿಯಲ್ಲಿ ಆಗ ಏಳೋ ಎಂಟೋ ಮನೆಗಳು. ಉಳಿದದ್ದೆಲ್ಲ ಖಾಲಿ ಸೈಟು, ಪಾರ್ಥೇನಿಯಂ ಗಿಡ, ರಾತ್ರಿಯಾದರೆ ಕಪ್ಪೆಗಳ ವಟವಟ. ತಿಪಟೂರಿನಿಂದ ಬಂದ ಅಪ್ಪ, 'ಇದೇನಮ್ಮಾ, ಊರಿನ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ!' ಎಂದು ನಕ್ಕಿದ್ದರು. ಆ ಮೂರು ಅಕ್ಷರಗಳ ಹಿಂದೆ ಮೂರು ಹಳ್ಳಿಗಳಿವೆ ಎಂದು ಅವರಿಗೆ ಹೇಳಿದವರು ನಮ್ಮ ಅತ್ತೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಸಂದ್ರ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ತಾವರೆಕೆರೆಯ ಹೆಸರಲ್ಲೇ ನೀರಿದೆ. ಮಡಿವಾಳದ ಕೆರೆಯಂತೂ ಇಂದಿಗೂ ಕಣ್ಣೆದುರಿಗಿದೆ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯ ಮೇಲೆ ಹದಿಮೂರನೆಯ ಶತಮಾನದ ತಮಿಳು ಶಾಸನವಿದೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಬೇಗೂರಿನ ನಾಗೇಶ್ವರ ದೇವಸ್ಥಾನ. 'ಬೆಂಗಳೂರು' ಎಂಬ ಹೆಸರುಳ್ಳ, ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲು ಇರುವುದು ಅಲ್ಲೇ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ನೂರು ವರ್ಷ ಮೊದಲೇ ಈ ಸೀಮೆಯಲ್ಲಿ ಜನ ಕೆರೆಯ ಏರಿಯ ಮೇಲೆ, ಹೊಲದ ಬದುವಿನ ಮೇಲೆ ನಡೆದು ಒಂದೂರಿಂದ ಇನ್ನೊಂದೂರಿಗೆ ಹೋಗಿ ಬರುತ್ತಿದ್ದರು.

ನಮ್ಮ ಅತ್ತೆಯವರೂ ನಡಿಗೆಯವರೇ. ಅವರ ತವರು ಬಳೇಪೇಟೆ. ಸೋಮವಾರ ನಾವಿಬ್ಬರೂ ಮಡಿವಾಳದ ಸೋಮೇಶ್ವರನಿಗೆ ನಡೆದೇ ಹೋಗಿ, ಬರುವಾಗ ಮಾರುಕಟ್ಟೆಯಲ್ಲಿ ಸೊಪ್ಪು, ಹೂವು ತೆಗೆದುಕೊಂಡು ಬರುತ್ತಿದ್ದೆವು. ದಾರಿಯುದ್ದಕ್ಕೂ ಅವರು ತಾವು ಹುಟ್ಟಿ ಬೆಳೆದ ಪೇಟೆಯ ಕತೆ ಹೇಳುವರು. ಅತ್ತೆ ಸೊಸೆ ಮನಸ್ಸು ಬಿಚ್ಚಿ ಮಾತಾಡಲು ಅಡಿಗೆಮನೆಗಿಂತ ರಸ್ತೆಯೇ ಒಳ್ಳೆಯದೆಂದು ನಾನು ಕಂಡುಕೊಂಡದ್ದು ಆಗ.

ಪೇಟೆಯ ಕತೆ ಶುರುವಾಗುವುದೇ ಎತ್ತಿನ ನಡಿಗೆಯಿಂದ. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿದ ಎತ್ತುಗಳನ್ನು ಬಿಟ್ಟರು, ಅವು ಗೀರಿದ ಸಾಲುಗಳೇ ಬೀದಿಗಳಾದವು ಎಂದು ಐತಿಹ್ಯ. ಆಮೇಲೆ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು ಪೇಟೆ ಬೆಳೆಯಿತು. ಬೀದಿಗಳು ಇಕ್ಕಟ್ಟು, ನಿಜ. ಆದರೆ ಆ ಬೀದಿಯಲ್ಲಿ ಅತಿ ವೇಗವಾಗಿ ಹೋಗುವ ವಸ್ತುವೆಂದರೆ ಕುದುರೆ. ಮನೆಯ ಮುಂದೆ ಜಗಲಿ. ಹೆಂಗಸರು ಜಗಲಿಯ ಮೇಲೆ ಕೂತು ಹೂ ಕಟ್ಟುವರು, ಕೆಳಗೆ ಬೀದಿಯಲ್ಲೇ ಮಕ್ಕಳು ಕುಂಟೆಬಿಲ್ಲೆ ಆಡುವರು. 'ನಾವು ಆಡ್ತಿದ್ದರೆ ಜಟಕಾದವನು ದೂರದಿಂದಲೇ ಕೂಗೋನು ಕಣೆ, ದಾರಿ ಬಿಡ್ರಮ್ಮಾ ದಾರಿ ಬಿಡೀ ಅಂತ. ನಾವು ಆಟ ಮುಗಿಸಿ ಏಳೋವರೆಗೂ ಕುದುರೆ ನಿಂತಿರೋದು' ಎಂದು ಅತ್ತೆ ಹೇಳಿ ನಗುತ್ತಿದ್ದರು.

ಈ ಮಾತನ್ನು ನಾನು ಆಗ ತಮಾಷೆಯಾಗಿ ಕೇಳಿದ್ದೆ. ಅದರಲ್ಲಿ ಒಂದು ಚರಿತ್ರೆಯೇ ಅಡಗಿದೆ ಎಂದು ಹೊಳೆದದ್ದು ಬಹಳ ತಡವಾಗಿ. ಗಾಡಿಯವನು ನಡೆಯುವವರನ್ನು ದಾರಿ ಕೇಳುತ್ತಿದ್ದ ಕಾಲವೊಂದಿತ್ತು!

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟೇ ಜನರಿಗೆ ಮೃತ್ಯುವಾಯಿತು. ಅದರ ಪಾಠ ಕಲಿತು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದಾಗ ರಸ್ತೆಗಳನ್ನು ಅಗಲವಾಗಿ, ನೇರವಾಗಿ ಎಳೆದರು. ಕಸ ಸಾಗಿಸಲು ಮನೆಗಳ ಹಿಂದೆ ಬೇರೆ ಗಲ್ಲಿಗಳನ್ನೇ ಬಿಟ್ಟರು. 1905ರ ಆಗಸ್ಟ್ 5ರಂದು ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿತು. ಇದನ್ನು ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುವುದುಂಟು: ದೀಪ ಬಂದದ್ದರಿಂದ ದೊಡ್ಡ ಲಾಭವಾದದ್ದು ಸಂಜೆ ದೇವಸ್ಥಾನಕ್ಕೋ ಬಾಣಂತಿಯ ಮನೆಗೋ ನಡೆದು ಹೋಗಬೇಕಾಗಿದ್ದ ಹೆಂಗಸರಿಗೆ. ಜರ್ಮನಿಯಿಂದ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಕ್ರುಂಬಿಗಲ್ ಸಾಹೇಬರು ಬೀದಿಬೀದಿಗೆ ಮರ ನೆಡಿಸಿದರು. 1948ರಲ್ಲಿ ಜಯನಗರ ಹುಟ್ಟಿದಾಗಲೂ ಅಗಲವಾದ ರಸ್ತೆ, ಮರದ ನೆರಳು, ನಡೆಯಲು ಜಾಗ ಎಂಬ ಲೆಕ್ಕ ಮುಂದುವರಿಯಿತು. ಈ ಐವತ್ತು ವರ್ಷ ಬೆಂಗಳೂರು ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆಯಿತು ಎನ್ನಬಹುದು.

ಅಷ್ಟು ಹೊತ್ತಿಗೆ ಜಗತ್ತಿನ ಇನ್ನೊಂದು ಕಡೆ ಬೇರೊಂದು ಕತೆ ಶುರುವಾಗಿತ್ತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿ ಮೋಟಾರು ಕಾರಿಗೆ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಕಾರು ಬಡಿದು ಸತ್ತ ಮೊದಲ ಪಾದಚಾರಿ ಆಕೆ. ಜೊತೆಯಲ್ಲಿ ಮಗಳಿದ್ದಳು. ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ಬರುತ್ತಿದ್ದೆ ಎಂದು ಚಾಲಕ ಹೇಳಿದ. ಅಂದರೆ ನಮ್ಮ ನಡಿಗೆಗಿಂತ ತುಸುವೇ ಜೋರು. ಆಕಸ್ಮಿಕ ಸಾವು ಎಂದು ತೀರ್ಪಾಯಿತು. ಇಂಥದ್ದು ಮತ್ತೆಂದೂ ಆಗದಿರಲಿ ಎಂದು ವಿಚಾರಣೆ ನಡೆಸಿದ ಅಧಿಕಾರಿ ಆಶಿಸಿದರಂತೆ. ಪಾಪ, ಆ ಪುಣ್ಯಾತ್ಮರ ಆಸೆ! 2022 ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಸುಮಾರು ಐದಕ್ಕೆ ಒಬ್ಬರು ನಡೆದು ಹೋಗುತ್ತಿದ್ದವರು.

ಅಮೆರಿಕದಲ್ಲಿ 1920ರ ದಶಕದಲ್ಲಿ ಮೋಟಾರುಗಳು ಹೆಚ್ಚಾಗಿ ಮಕ್ಕಳು ಸಾಯತೊಡಗಿದಾಗ ಮೊದಮೊದಲು ಜನರ ಸಿಟ್ಟು ಕಾರಿನವರ ಮೇಲಿತ್ತು. ಆಮೇಲೆ ಮೋಟಾರಿನ ಕಡೆಯವರು ಒಂದು ಉಪಾಯ ಮಾಡಿದರು. ರಸ್ತೆಯಲ್ಲಿ ತಮಗೆ ಬೇಕಾದಂತೆ ನಡೆಯುವವರಿಗೆ 'ಜೇ ವಾಕರ್' ಎಂಬ ಹೆಸರನ್ನು ಎಲ್ಲೆಡೆ ಹರಡಿದರು. 'ಜೇ' ಎಂದರೆ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿಗಮಾರ. ಮೋಟಾರು ಸಂಘಗಳು ಶಾಲೆಗಳಿಗೂ ಹೋಗಿ ಮಕ್ಕಳಿಗೆ ರಸ್ತೆಯ ಸುರಕ್ಷತೆಯ ಪಾಠ ಹೇಳಿಕೊಟ್ಟವು. ಪಾಠವೇನೋ ಒಳ್ಳೆಯದೇ. ಆದರೆ ಅದರ ಜೊತೆಗೆ ಇನ್ನೊಂದು ಮಾತೂ ಮಕ್ಕಳ ತಲೆಗೆ ಹೋಯಿತು: ರಸ್ತೆ ಮೋಟಾರಿನದು, ಎಚ್ಚರ ನಿನ್ನದು.

ಇದನ್ನು ಓದಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಬೆಂಗಳೂರಿಗೆ ಮೋಟಾರಿನ ಯುಗ ನಿಧಾನವಾಗಿಯೇ ಬಂತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಓಡತೊಡಗಿದವು. ನಮ್ಮ ಪೀಳಿಗೆಯ ಕಣ್ಣ ಮುಂದೆ ಆದ ಬದಲಾವಣೆ ಮಾತ್ರ ಪ್ರವಾಹದಂಥದು. 1996ರಿಂದ 2002ರೊಳಗೆ ಹೊರವರ್ತುಲ ರಸ್ತೆ ತುಂಡುತುಂಡಾಗಿ ಸಿದ್ಧವಾಯಿತು. ಬಿಟಿಎಂ ಒಂದನೇ ಹಂತ ಆಚೆಗೆ, ಎರಡನೇ ಹಂತ ಈಚೆಗೆ, ನಡುವೆ ಈ ರಸ್ತೆ. ಸಿಲ್ಕ್ ಬೋರ್ಡ್ ಚೌಕ ಎಂದರೆ ಬೆಂಗಳೂರಿಗೇ ಗಾದೆಯಾಯಿತು. ಜಯದೇವ ಆಸ್ಪತ್ರೆಯ ಬಳಿ ಮೇಲುಸೇತುವೆ ಕಟ್ಟಿದರು, 2020ರಲ್ಲಿ ಮೆಟ್ರೋಗಾಗಿ ಅದನ್ನೇ ಕೆಡವಿದರು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾಗಿ 'ಬಿಟಿಎಂ ಲೇಔಟ್' ಎಂಬ ನಿಲ್ದಾಣವೂ ಬಂತು. ತಣ್ಣಗೆ ಕೂತು ಆರ್.ವಿ. ರಸ್ತೆಗೆ ಹೋಗಿಬಿಡಬಹುದು. ನಿಲ್ದಾಣದ ತನಕ ನಡೆದು ಮುಟ್ಟುವುದೇ ದೊಡ್ಡ ಪ್ರಯಾಣ.

ಅತ್ತೆಯವರ ಸೋಮವಾರದ ನಡಿಗೆ ನಿಂತದ್ದು ಈ ನಡುವೆಯೇ. ಯಾರೂ ಅವರಿಗೆ ಹೋಗಬೇಡಿ ಎನ್ನಲಿಲ್ಲ. ಒಂದು ದಿನ ದೊಡ್ಡ ರಸ್ತೆಯ ಅಂಚಿನಲ್ಲಿ ಕಾಲು ಗಂಟೆ ನಿಂತು, ದಾಟಲಾಗದೆ ಹೂಬುಟ್ಟಿ ಹಿಡಿದುಕೊಂಡು ಹಿಂದಕ್ಕೆ ಬಂದರು. 'ಸೋಮೇಶ್ವರ ಇಲ್ಲೇ ಇದ್ದಾನೆ ಬಿಡು' ಎಂದು ಆ ಹೂವನ್ನು ದೇವರಮನೆಯಲ್ಲಿಟ್ಟರು. ಆಮೇಲೆ ಅವರು ಮಡಿವಾಳ ನೋಡಲೇ ಇಲ್ಲ. ನಮ್ಮ ಬೀದಿಯಲ್ಲಿ ಇಂಥ ಅಜ್ಜಿಯರು ಇನ್ನೂ ಇದ್ದಾರೆ. ಕಾಲಲ್ಲಿ ಶಕ್ತಿಯಿದ್ದೂ ರಸ್ತೆಗೆ ಹೆದರಿ ಮನೆಯಲ್ಲಿ ಕೂತವರು. ಯಾವ ಅಪಘಾತದ ಲೆಕ್ಕಕ್ಕೂ ಅವರು ಸೇರುವುದಿಲ್ಲ.

ಫುಟ್‌ಪಾತ್ ಇಲ್ಲವೇ ಎಂದು ಕೇಳಬಹುದು. ಇದೆಯಲ್ಲ! ಒಂದು ಕಡೆ ಟ್ರಾನ್ಸ್‌ಫಾರ್ಮರ್, ಒಂದು ಕಡೆ ಕೇಬಲ್ ಸುರುಳಿ, ಇನ್ನೊಂದು ಕಡೆ ಬಾಯಿ ತೆರೆದ ಕಲ್ಲುಚಪ್ಪಡಿ. ಮನೆಗೊಂದು ಕಾರಿನ ಇಳಿಜಾರು. ಎತ್ತರವೋ, ಸೀರೆ ಎತ್ತಿ ಹಿಡಿದು ಗುಡ್ಡ ಹತ್ತಿದ ಹಾಗೆ ಹತ್ತಬೇಕು, ಮೂರು ಹೆಜ್ಜೆ ಇಟ್ಟು ಮತ್ತೆ ಇಳಿಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಅಂಚುಕಲ್ಲಿನ ಎತ್ತರ 150 ಮಿಲಿಮೀಟರಿಗಿಂತ ಹೆಚ್ಚಿರಬಾರದು, ಅಂದರೆ ಒಂದು ಗೇಣೂ ಇಲ್ಲ. ಅಡೆತಡೆಯಿಲ್ಲದ ಅಗಲ ಕಡಿಮೆಯೆಂದರೆ 1.8 ಮೀಟರ್ ಇರಬೇಕು, ಎದುರುಬದುರು ಬಂದ ಎರಡು ಗಾಲಿಕುರ್ಚಿಗಳು ದಾಟಿ ಹೋಗುವಷ್ಟು. ಅದು ಆಗದ ಮಾತೇನೂ ಅಲ್ಲ. ನಗರದ ನಡುವೆ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳನ್ನು 'ಟೆಂಡರ್ ಶ್ಯೂರ್' ಯೋಜನೆಯಲ್ಲಿ ಹೊಸದಾಗಿ ಮಾಡಿದಾಗ ಅಲ್ಲಿ ಕೊಳವೆ, ತಂತಿಗಳನ್ನೆಲ್ಲ ನೆಲದೊಳಗೆ ಓರಣವಾಗಿ ಸೇರಿಸಿ, ಮೇಲೆ ಅಗಲವಾದ ಸಮತಟ್ಟಾದ ಕಾಲುದಾರಿ ಮಾಡಿದ್ದಾರೆ. ಅಲ್ಲಿ ನಡೆದ ದಿನ ನನಗೆ ಮಂಡಿನೋವೇ ಇಲ್ಲವೇನೋ ಎನಿಸಿತು.

ಇನ್ನು ನನಗೆ ನಿದ್ದೆ ಕೆಡಿಸಿದ ಸಂಗತಿ. ನಾನು ಸುಮಾರು ಮೂವತ್ತು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಪ್ರತಿ ಜೂನಿನಲ್ಲೂ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಜೀಬ್ರಾ ಪಟ್ಟಿ ಬರೆದು, ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ದಾಟಿ ಎಂದು ಆಟ ಆಡಿಸುತ್ತೇನೆ. ಎರಡು ವರ್ಷದ ಹಿಂದೆ ಮೂರನೇ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟು ರಸ್ತೆ ದಾಟುವಾಗ ಸ್ಕೂಟರಿಗೆ ಸಿಕ್ಕಿಬಿದ್ದಳು. ಅದು ಒನ್‌ವೇ ರಸ್ತೆ. ಸ್ಕೂಟರು ಎದುರುದಿಕ್ಕಿನಿಂದ, ನಿಂತಿದ್ದ ಸಾಮಾನಿನ ಗಾಡಿಯ ಮರೆಯಿಂದ ನುಗ್ಗಿತ್ತು. ಬಡಿದವನು ನಿಲ್ಲಲಿಲ್ಲ. ಹೂ ಮಾರುವ ಹೆಂಗಸು ಹುಡುಗಿಯನ್ನೆತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದಳು. ತೊಡೆಯ ಮೂಳೆ ಮುರಿದಿತ್ತು. ದೇವರ ದಯೆ, ಜೀವಕ್ಕೆ ಅಪಾಯವಾಗಲಿಲ್ಲ.

ಮರುದಿನ ನೋಡಲು ಹೋದೆ. ಮಗು ನನ್ನ ಮುಖ ನೋಡಿದ್ದೇ ಅಳತೊಡಗಿತು. ನೋವಿಗೆ ಅಳುತ್ತಿದ್ದಾಳೆಂದುಕೊಂಡೆ. 'ಮಿಸ್, ನಾನು ಬಲಗಡೆ ನೋಡಿದೆ, ಎಡಗಡೆ ನೋಡಿದೆ, ಮತ್ತೆ ಬಲಗಡೆ ನೋಡಿದೆ. ನೀವು ಹೇಳಿದ ಹಾಗೇ ಮಾಡಿದೆ ಮಿಸ್' ಎಂದಳು. ನಾನು ಬೈಯಲು ಬಂದಿದ್ದೇನೆ ಎಂದು ಆ ಕೂಸು ಹೆದರಿತ್ತು. ತಪ್ಪು ತನ್ನದೇ ಇರಬೇಕು ಎಂದುಕೊಂಡಿತ್ತು. ಹಾಗೆಂದುಕೊಳ್ಳಲು ಕಲಿಸಿದವಳು ನಾನೇ ಅಲ್ಲವೇ?

ಇದಕ್ಕಿಂತ ನಾಚಿಕೆಯ ಇನ್ನೊಂದು ಮಾತಿದೆ. ಅದಕ್ಕೆ ಒಂದು ವಾರ ಮುಂಚೆ ಶಾಲೆಗೆ ಹೊತ್ತಾಯಿತೆಂದು ಮಗನ ಸ್ಕೂಟರಿನ ಹಿಂದೆ ಕೂತಿದ್ದೆ. ಯು ಟರ್ನ್ ದೂರವಾಗುತ್ತದೆಂದು ಅವನು ಐವತ್ತು ಮಾರು ಎದುರುದಿಕ್ಕಿನಲ್ಲಿ ಓಡಿಸಿ, ಫುಟ್‌ಪಾತ್ ಹತ್ತಿಸಿ ನನ್ನನ್ನು ಗೇಟಿನ ಮುಂದೆ ಇಳಿಸಿದ. ನಾನು ಬೇರೆ ಕಡೆ ಮುಖ ಮಾಡಿ ಕೂತಿದ್ದೆ. ಒಂದು ಮಾತೂ ಆಡಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳದಿರಲೆಂದು ನಾನು ನುಂಗಿದ ಆ ಮಾತು ಈಗಲೂ ಗಂಟಲಲ್ಲೇ ಇದೆ.

ಆದ್ದರಿಂದ ಈಗ ನನ್ನ ಪಾಠ ಬದಲಾಗಿದೆ. ಎಚ್ಚರದ ಮಾತು ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಒನ್‌ವೇ ಆದರೂ ಎರಡೂ ಕಡೆ ನೋಡಬೇಕು. ನಿಂತ ಬಸ್ಸಿನ ಮುಂದಿನಿಂದ ದಾಟಬಾರದು, ಅದು ಹೋಗಲಿ ಎಂದು ಕಾಯಬೇಕು. ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುವಂತೆ ನಡೆಯಬೇಕು. ಮಗುವಿನ ಕೈ ಹಿಡಿದಾಗ ಮಗು ಒಳಬದಿಗೆ, ನಾವು ರಸ್ತೆಯ ಬದಿಗೆ ಇರಬೇಕು. ಸಂಜೆ ಹೊರಟರೆ ತಿಳಿಬಣ್ಣದ ಬಟ್ಟೆ ಒಳ್ಳೆಯದು. ಅರ್ಧ ದಾಟಿ ಹಿಂದಕ್ಕೆ ಓಡಬಾರದು. ಫೋನು ಚೀಲದಲ್ಲೇ ಇರಲಿ. ನಾಲ್ಕು ಜನ ಕೂಡಿ ದಾಟಿದರೆ ಗಾಡಿಯವರಿಗೂ ಕಾಣುತ್ತದೆ, ನಮಗೂ ಧೈರ್ಯ.

ಇದರ ಜೊತೆಗೆ ಈಗ ಇನ್ನರ್ಧ ಪಾಠವನ್ನೂ ಹೇಳುತ್ತೇನೆ. ಫುಟ್‌ಪಾತಿನ ಮೇಲೆ ಗಾಡಿ ಓಡಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಜೀಬ್ರಾ ಪಟ್ಟಿಯಲ್ಲಿ ದಾಟುವವರಿಗೆ ಚಾಲಕ ವೇಗ ತಗ್ಗಿಸಿ, ನಿಂತು ದಾರಿ ಬಿಡಬೇಕೆಂದು 2017ರ ನಿಯಮಗಳು ಹೇಳುತ್ತವೆ. ಇಂಗ್ಲೆಂಡಿನಲ್ಲಿ 1951ರಲ್ಲಿ ಜೀಬ್ರಾ ಪಟ್ಟಿ ಕಾನೂನಾಗಿ ಬಂದದ್ದೇ ಆ ಅರ್ಥದಲ್ಲಿ: ಅಲ್ಲಿ ಕಾಲಿಟ್ಟವರಿಗೆ ಗಾಡಿ ನಿಲ್ಲಬೇಕು. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಲ್ಲಿ ಹೇಳಿದ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ವೇಗದ ವಿಷಯವನ್ನೂ ಹೇಳುತ್ತೇನೆ: ಕಾರಿನ ವೇಗ ಗಂಟೆಗೆ 50 ಕಿಲೋಮೀಟರಿನಿಂದ 65ಕ್ಕೇರಿದರೆ, ಅದು ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕೆಂದು ಹೆದರುವ ಕಾಲವೂ ಹೋಯಿತು. ಸಹಾಯ ಮಾಡಿದವರನ್ನು ಕಾಡಬಾರದು ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಸೇರಿಸಿದ್ದಾರೆ. ಇಷ್ಟವಿಲ್ಲದಿದ್ದರೆ ಅವರು ಹೆಸರೂ ಹೇಳಬೇಕಾಗಿಲ್ಲ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆ ಹೂವಿನವಳಿಗೆ ಈ ಕಾನೂನು ಯಾವುದೂ ಗೊತ್ತಿರಲಿಲ್ಲ. ಮಗು ಬಿದ್ದದ್ದಷ್ಟೇ ಗೊತ್ತಿತ್ತು.

ಆ ಅಪಘಾತದ ಮೇಲೆ ನಾವು ಆರು ಜನ ಟೀಚರುಗಳು, ಕೆಲವು ತಾಯಂದಿರು ಸೇರಿ ಅರ್ಜಿ ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟೆವು. ನಾಲ್ಕು ಸಲ ಓಡಾಡಿದ ಮೇಲೆ ಶಾಲೆಯ ಮುಂದೆ ಜೀಬ್ರಾ ಪಟ್ಟಿ ಬಂತು. ಎರಡು ಮಳೆಗಾಲದಲ್ಲಿ ಅದು ಅಳಿಸಿಹೋಯಿತು. ಮತ್ತೆ ಅರ್ಜಿ ಬರೆದಿದ್ದೇವೆ, ಪ್ರತಿಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಮನೆಯ ಮುಂದಿನ ರಂಗೋಲಿಯೂ ದಿನಾ ಅಳಿಸುತ್ತದೆ, ಅಷ್ಟಕ್ಕೆ ನಾವು ಹಾಕುವುದು ಬಿಟ್ಟಿದ್ದೇವೆಯೇ?

ಹುಡುಗಿ ಈಗ ಐದನೇ ತರಗತಿ. ಓಡುತ್ತಾಳೆ, ಕುಂಟೆಬಿಲ್ಲೆಯನ್ನೂ ಆಡುತ್ತಾಳೆ. ತಪ್ಪು ನಿನ್ನದಲ್ಲ ಎಂದು ಆಸ್ಪತ್ರೆಯಲ್ಲೇ ಅವಳಿಗೆ ಹೇಳಿದ್ದೆ. ಆಮೇಲೆ ತರಗತಿಯಲ್ಲಿ ಎಲ್ಲರ ಮುಂದೆಯೂ ಹೇಳಿದೆ.

ಮಗನಿಗೂ ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವನು ಏನೂ ಮಾತಾಡಲಿಲ್ಲ. ಅದಾದ ಮೇಲೆ ಒಂದು ದಿನ ಅವನ ಹಿಂದೆ ಕೂತಾಗ ಯು ಟರ್ನಿನ ತನಕ ಹೋಗಿ ತಿರುಗಿಸಿಕೊಂಡು ಬಂದ. ಆರು ನಿಮಿಷ ತಡವಾಯಿತು, ಕೆಂಪು ಗೆರೆಯೂ ಬಿತ್ತು. ಈಗಲೂ ನಾನು ಬಾಗಿಲ ತನಕ ಬಂದು 'ಹುಷಾರಾಗಿ ಹೋಗಿ ಬಾ' ಎನ್ನುತ್ತೇನೆ. ಮೊದಲೆಲ್ಲ ಚಪ್ಪಲಿ ಮೆಟ್ಟಿ ನಡೆದು ಹೊರಟವರಿಗೆ ಹೇಳುತ್ತಿದ್ದೆ. ಈಗ ಗಾಡಿಯ ಕೀಲಿಕೈ ಕೈಯಲ್ಲಿ ಹಿಡಿದವರಿಗೆ ಎರಡು ಸಲ ಹೇಳುತ್ತೇನೆ.